ಕಲ್ಯಾಣದ ಕಥೆಗೆ ಎಷ್ಟು ಕೊನೆ?

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಬಿ. ಪುಟ್ಟಸ್ವಾಮಯ್ಯನವರು ಆರು ಕಾದಂಬರಿಗಳನ್ನು ಬರೆದರು. ಉದಯರವಿ, ರಾಜ್ಯಪಾಲ, ಕಲ್ಯಾಣೇಶ್ವರ, ನಾಗಬಂಧ, ಮುಗಿಯದ ಕನಸು, ಕ್ರಾಂತಿ ಕಲ್ಯಾಣ. ಈ ಹೆಸರುಗಳನ್ನು ಒಂದಾದ ಮೇಲೊಂದು ಓದಿಕೊಂಡು ಬಂದರೆ ಐದನೆಯದರ ಹತ್ತಿರ ಮನಸ್ಸು ಸ್ವಲ್ಪ ನಿಲ್ಲುತ್ತದೆ. ಕನಸು ಮುಗಿಯದು ಎಂದು ಹೇಳಿ ಅಲ್ಲಿಗೇ ಲೇಖನಿ ಕೆಳಗಿಟ್ಟಿದ್ದರೂ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರು ಇಡಲಿಲ್ಲ. ಆರನೆಯದನ್ನೂ ಬರೆದರು. 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಕೊನೆಯ ಸಂಪುಟಕ್ಕೆ.

ಪುಟ್ಟಸ್ವಾಮಯ್ಯನವರು ಪತ್ರಕರ್ತರು, ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಗುಬ್ಬಿ ವೀರಣ್ಣನವರು ಆಡಿಸಿದ 'ಕುರುಕ್ಷೇತ್ರ' ಇವರದೇ ರಚನೆ. ಕೊನೆ ಏನಾಗುತ್ತದೆಂದು ಹುಟ್ಟಿದಾಗಿನಿಂದ ಗೊತ್ತಿದ್ದೂ ಟಿಕೆಟ್ಟು ಕೊಂಡು ಬಂದು, ರಾತ್ರಿಯೆಲ್ಲ ಕೂತು, ಕೌರವ ಬೀಳುವ ಹೊತ್ತಿಗೆ ಕಣ್ಣೊರೆಸಿಕೊಳ್ಳುವ ಜನರನ್ನು ಅವರು ಹತ್ತಿರದಿಂದ ಬಲ್ಲರು. ಕಲ್ಯಾಣದ ಕಥೆಗೆ ಕೈ ಹಾಕಿದಾಗ ಅವರ ಎದುರಿಗೆ ಕೂತಿದ್ದವರೂ ಅಂಥವರೇ. ಆದರೆ ಒಂದು ವ್ಯತ್ಯಾಸವಿತ್ತು. ಕುರುಕ್ಷೇತ್ರದಲ್ಲಿ ಯಾರು ಗೆದ್ದರು ಎಂಬ ಬಗ್ಗೆ ತಕರಾರಿಲ್ಲ. ಕಲ್ಯಾಣದಲ್ಲಿ ಯಾರು ಗೆದ್ದರು, ಯಾರು ಸೋತರು, ಕೊನೆಗೆ ಏನಾಯಿತು ಎಂಬುದು ಎಂಟುನೂರು ವರ್ಷದಿಂದ ತೀರದ ವ್ಯಾಜ್ಯ.

ಕಲ್ಪನೆಯ ಲೋಕವೊಂದನ್ನು ಸಂಪುಟದ ಮೇಲೆ ಸಂಪುಟವಾಗಿ ಕಟ್ಟುತ್ತ ಹೋಗುವ ಲೇಖಕನಿಗೆ ಕೊನೆಯ ಪುಟದ ಗುಟ್ಟು ತನ್ನೊಬ್ಬನಿಗೇ ಗೊತ್ತು ಎಂಬ ಅನುಕೂಲವಿರುತ್ತದೆ. ಅಷ್ಟಾಗಿಯೂ ಓದುಗರು ಅವನನ್ನು ಸುಮ್ಮನೆ ಬಿಡುವುದಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷೆರ್ಲಾಕ್ ಹೋಮ್ಸ್‌ನನ್ನು ಜಲಪಾತದಲ್ಲಿ ಕೆಡವಿದಾಗ ಓದುಗರು ಸಿಟ್ಟಾದರು. ವರ್ಷಗಳು ಕಳೆದ ಮೇಲೆ ಅವನನ್ನು ಬದುಕಿಸಿ ತರಲೇಬೇಕಾಯಿತು. ಹ್ಯಾರಿ ಪಾಟರ್‌ನ ಏಳನೆಯ ಪುಸ್ತಕ 2007ರಲ್ಲಿ ಬಂದಾಗ ಲೋಕವೇ ಕಾದು ಕೂತು ಓದಿತು, ಓದಿದ ಮೇಲೆ ಆ ಕೊನೆಯ ಅಧ್ಯಾಯ ಬೇಕಿತ್ತೋ ಬೇಡವಾಗಿತ್ತೋ ಎಂದು ಎರಡು ಪಾಲಾಯಿತು. ನಮ್ಮ ನೆರೆಯ ತಮಿಳಿನಲ್ಲಿ ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' 1950ರಲ್ಲಿ ವಾರಪತ್ರಿಕೆಯ ಧಾರಾವಾಹಿಯಾಗಿ ಶುರುವಾಯಿತು. ಐದು ಭಾಗಗಳ ಆ ಚೋಳ ಮಹಾಕಥನ ಮುಗಿದಾಗ, ಇಷ್ಟು ಬೇಗ ಹೀಗೆ ನಿಲ್ಲಿಸಿಬಿಟ್ಟಿರಾ ಎಂದು ಕೇಳಿದ ಓದುಗರಿಗೆ ಸಮಾಧಾನ ಹೇಳಲು ಕಲ್ಕಿ ಒಂದು ಮುಕ್ತಾಯದ ಮಾತನ್ನೇ ಬೇರೆಯಾಗಿ ಬರೆದರು. ಆ ಚೋಳರು ನಮ್ಮ ಚಾಲುಕ್ಯರಿಗೆ ತಲೆತಲಾಂತರದ ವೈರಿಗಳು ಎಂಬುದನ್ನು ಇಲ್ಲಿ ನೆನೆಯಬೇಕು. ತುಂಗಭದ್ರೆಯ ಎರಡೂ ದಿಕ್ಕಿನ ರಾಜಮನೆತನಗಳ ಕಥೆಯನ್ನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಬ್ಬರು ಪತ್ರಕರ್ತರು ಸಂಪುಟಗಟ್ಟಲೆ ಬರೆದರು.

ಈ ಮಾತುಗಳನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿರುವುದು ಆ ಕಲ್ಯಾಣವೇ ಆದ ಇಂದಿನ ಬಸವಕಲ್ಯಾಣ ಮತ್ತು ಅದರ ನೆರೆಯ ಹುಮನಾಬಾದ್. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಆಸುಪಾಸಿನ ಈ ಎರಡು ಊರುಗಳಿಗೆ ಕಥೆಯ ಕೊನೆ ಪುಸ್ತಕದ ವಿಷಯವಷ್ಟೇ ಅಲ್ಲ, ಊರಿನ ವಿಷಯ. ಬಸವಕಲ್ಯಾಣದಲ್ಲಿ ತ್ರಿಪುರಾಂತಕ ಕೆರೆ, ಕೋಟೆ, ಪರುಷಕಟ್ಟೆ, ಬಂದವರ ಓಣಿ, ಅಕ್ಕನಾಗಮ್ಮನ ಗವಿ, ಹರಳಯ್ಯನ ಗವಿ, ಎಲ್ಲವೂ ನಡೆದು ಮುಟ್ಟುವಷ್ಟು ದೂರದಲ್ಲಿವೆ. ಪುರಾಣ ಪ್ರವಚನ ಮುಗಿದ ರಾತ್ರಿ ಇಲ್ಲಿ ಏಳುವ ಪ್ರಶ್ನೆಯೂ ಇಂಥದೇ: "ಅಪ್ಪೋರೆ, ಬಸವಣ್ಣನೋರು ಸಂಗಮಕ್ಕ ಹೋಗದೇ ಇಲ್ಲೇ ನಿಂತಿದ್ರ ಬಿಜ್ಜಳ ರಾಜ ಉಳೀತಿದ್ನೇನ್ರಿ?" ಅಪ್ಪೋರು ಏನು ಉತ್ತರ ಕೊಟ್ಟರೂ ಅರ್ಧ ಜನ ತಲೆಯಾಡಿಸುತ್ತಾರೆ, ಉಳಿದರ್ಧ ಜನ ಮನೆಯ ದಾರಿಯುದ್ದಕ್ಕೂ ವಾದ ಮಾಡುತ್ತಾರೆ.

ಸಿಗದೇ ಹೋದ ಕೊನೆ

ಬಸವಣ್ಣನ ಕಥೆಯನ್ನು ಕನ್ನಡದಲ್ಲಿ ಮೊದಲು ಹೇಳಿದ ದೊಡ್ಡ ಕವಿ ಹರಿಹರ. ಅವನ 'ಬಸವರಾಜದೇವರ ರಗಳೆ'ಯಲ್ಲಿ ನಮಗೆ ದೊರೆತಿರುವುದು 13 ಸ್ಥಲಗಳು ಮಾತ್ರ. ಕಲ್ಯಾಣದ ಕೊನೆಯ ದಿನಗಳ ಭಾಗ ಅದರಲ್ಲಿಲ್ಲ. ಅಂದರೆ ಕಾಲದಲ್ಲಿ ಬಸವಣ್ಣನಿಗೆ ಅಷ್ಟು ಹತ್ತಿರವಿದ್ದ ಕನ್ನಡ ಕವಿಯೊಬ್ಬ ಕಥೆಯನ್ನು ಹೇಗೆ ಮುಗಿಸಿದನೆಂಬುದು ನಮ್ಮ ಕೈಗೆ ಬಂದಿಲ್ಲ. ಕನ್ನಡ ಸಾಹಿತ್ಯಕ್ಕೆ ಆದ ನಷ್ಟಗಳಲ್ಲಿ ಇದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಆ ಓಲೆಗಳು ಉಳಿದಿದ್ದರೆ ಮುಂದಿನ ಜಗಳಗಳೆಲ್ಲ ನಿಲ್ಲುತ್ತಿದ್ದವೆಂದಲ್ಲ. ಜಗಳವಾಡಲು ಎಲ್ಲರಿಗೂ ಒಂದು ಗಟ್ಟಿ ನೆಲವಾದರೂ ಇರುತ್ತಿತ್ತು.

ಉಳಿದ ಕೊನೆಗಳನ್ನು ನೋಡಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಸವಣ್ಣ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋಗುತ್ತಾನೆ, ಜಗದೇವ ಮತ್ತು ಅವನ ಸಂಗಡಿಗರು ಬಿಜ್ಜಳನನ್ನು ಕೊಲ್ಲುತ್ತಾರೆ, ಬಸವಣ್ಣ ಸಂಗಮನಾಥನಲ್ಲಿ ಒಂದಾಗುತ್ತಾನೆ. ಭೀಮಕವಿ 1369ರಲ್ಲಿ ಇದನ್ನೇ ಕನ್ನಡಕ್ಕೆ ತಂದ. ಆ ಪುರಾಣದ ಓದುಗನಿಗೆ ಇಲ್ಲಿ ದುರಂತವೇ ಇಲ್ಲ. ಕೈಲಾಸದಿಂದ ಕಾರಣಕ್ಕಾಗಿ ಬಂದವನು ಕಾರ್ಯ ಮುಗಿಸಿ ಹಿಂತಿರುಗಿದ. ಶೂನ್ಯಸಂಪಾದನೆಗಳ ಕಣ್ಣು ಅರಮನೆಯ ಮೇಲೆ ನೆಟ್ಟದ್ದೇ ಅಲ್ಲ; ಅವುಗಳಿಗೆ ಬೇಕಾದದ್ದು ಅಲ್ಲಮ, ಶೂನ್ಯ ಸಿಂಹಾಸನ, ಅನುಭಾವ. ಇನ್ನು ಹದಿನೇಳನೆಯ ಶತಮಾನದ ಜೈನಕವಿ ಧರಣಿಪಂಡಿತನ 'ಬಿಜ್ಜಳರಾಯ ಚರಿತೆ'ಗೆ ಬಂದರೆ ಕಥೆ ಮಗುಚಿ ಬೀಳುತ್ತದೆ. ಅಲ್ಲಿ ಬಿಜ್ಜಳ ಒಳ್ಳೆಯ ದೊರೆ. ದಂಡಯಾತ್ರೆಯಿಂದ ಹಿಂತಿರುಗುವಾಗ ವಿಷ ಸೇರಿದ ಹಣ್ಣಿಗೆ ಬಲಿಯಾಗುತ್ತಾನೆ, ಬಸವಣ್ಣ ಓಡಿಹೋಗಿ ಬಾವಿಗೆ ಹಾರುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನ ವಿದ್ವಾಂಸ ಫ್ಲೀಟ್ ಈ ಎರಡೂ ಪರಂಪರೆಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟ ಮೇಲೆ ಜಗಳ ಹೊಸ ತಲೆಮಾರಿನ ವಿದ್ವಾಂಸರ ಮನೆ ಹೊಕ್ಕಿತು.

ಶಾಸನಗಳು ಹೇಳುವುದು ಇನ್ನೂ ಬೇರೆ, ಇನ್ನೂ ಕಡಿಮೆ. ಮಂಗಳವೇಡೆಯ ಮಾಂಡಲಿಕನಾಗಿದ್ದ ಕಲಚುರಿ ಬಿಜ್ಜಳ 1157ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದ. ಮೂರನೆಯ ತೈಲಪನ ಕೈಯಿಂದ ಕಲ್ಯಾಣ ಜಾರಿತು. 1168ರ ಹೊತ್ತಿಗೆ ಮಗ ಸೋವಿದೇವ ಆಳುತ್ತಿದ್ದಾನೆ. ನಡುವೆ ಏನಾಯಿತೆಂಬ ಬಗ್ಗೆ ಕಲ್ಲು ಮಾತಾಡುವುದಿಲ್ಲ. ಮುಪ್ಪಿನಲ್ಲಿ ರಾಜ್ಯವನ್ನು ಮಗನಿಗೆ ವಹಿಸಿಕೊಟ್ಟನೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಹಾಗಾದರೆ ಕೊಲೆಯೇ ಆಗಲಿಲ್ಲ! ಬಸವಣ್ಣನ ಹೆಸರು ಸ್ಪಷ್ಟವಾಗಿ ಸಿಗುವ ಅರ್ಜುನವಾಡದ ಶಾಸನ 1260ರದು, ಎಂದರೆ ಸುಮಾರು ನೂರು ವರ್ಷ ಆಮೇಲಿನದು. ಪಿ.ಬಿ. ದೇಸಾಯಿಯವರಂಥ ಶಾಸನತಜ್ಞರು ಬಸವಣ್ಣನ ಕಾಲವನ್ನು ಕುರಿತು 1968ರಲ್ಲಿ ಗ್ರಂಥ ಬರೆದಾಗ ಪುರಾಣ, ವಚನ, ಶಾಸನ ಮೂರನ್ನೂ ಎದುರುಬದುರು ಕೂರಿಸಿ ಸತ್ಯ ಹುಡುಕಬೇಕಾಯಿತು. ಕಲಚುರಿಗಳ ಆಳ್ವಿಕೆ ಮಾತ್ರ ಬಹಳ ದಿನ ಬಾಳಲಿಲ್ಲ. ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಎಂದು ಒಬ್ಬರಾದ ಮೇಲೊಬ್ಬರು ಬಂದು, 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮತ್ತೆ ಹಿಡಿದ. ಅದೂ ಕೆಲವೇ ವರ್ಷಗಳ ಮಾತು. ಆಮೇಲೆ ಸೇವುಣರು, ಹೊಯ್ಸಳರು.

ಕಥೆಯೊಂದರ ಕೊನೆಯನ್ನಷ್ಟೇ ಎತ್ತಿಕೊಂಡು ಬರೆಯುವುದು, ಅದರಿಂದ ಓದುಗರು ಎರಡಾಗುವುದು ಚಾಲುಕ್ಯರ ನೆಲಕ್ಕೆ ಹೊಸದೂ ಅಲ್ಲ. ಇದೇ ವಂಶದ ತೈಲಪ ಮತ್ತು ಸತ್ಯಾಶ್ರಯರ ಆಶ್ರಯದಲ್ಲಿದ್ದ ರನ್ನ ಮಹಾಭಾರತದ ಕಟ್ಟಕಡೆಯ ಹೋರಾಟವನ್ನು ಹಿಡಿದು ಗದಾಯುದ್ಧವನ್ನು ಕಟ್ಟಿದ. ತನ್ನ ದೊರೆಯನ್ನು ಭೀಮನಿಗೆ ಹೋಲಿಸಬೇಕಾಗಿದ್ದರಿಂದ ಪಟ್ಟವನ್ನೂ ಭೀಮನಿಗೇ ಕಟ್ಟಿಸಿದ. ಆದರೆ ಆ ಕಾವ್ಯ ಓದಿ ಎದ್ದವರ ಎದೆಯಲ್ಲಿ ಉಳಿಯುವವನು ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು 'ಗದಾಯುದ್ಧ ನಾಟಕಂ' ಮಾಡಿದ್ದು ಆ ಉಳಿದವನನ್ನು ಹಿಡಿದೇ. ಕವಿ ಮುಗಿಸಿದ್ದು ಒಂದು ಕಡೆ, ಓದುಗರು ನಿಂತದ್ದು ಇನ್ನೊಂದು ಕಡೆ. ಸಾವಿರ ವರ್ಷದಿಂದ ಆ ಎರಡು ಗುಂಪೂ ಕನ್ನಡದ ತರಗತಿಗಳಲ್ಲಿ ಎದುರುಬದುರು ಕೂತಿವೆ.

ಹರಳಯ್ಯನ ಮನೆ

ಇಲ್ಲಿಂದ ಮುಂದೆ ನನ್ನ ಮಾತು. ಕಲ್ಯಾಣದ ಓದುಗರು ಸಾಮಾನ್ಯವಾಗಿ ಒಡೆಯುವುದು ಬಿಜ್ಜಳನ ಕೊಲೆಯ ಹತ್ತಿರ. ಕೊಂದದ್ದು ಸರಿಯೇ, ಬಸವಣ್ಣನಿಗೆ ಗೊತ್ತಿತ್ತೇ, ಗೊತ್ತಿದ್ದರೆ ತಡೆಯಲಿಲ್ಲವೇಕೆ? ಈ ಪ್ರಶ್ನೆಗಳು ಸಣ್ಣವಲ್ಲ. ಆದರೆ ಕಥೆಯ ನಿಜವಾದ ಕೊನೆ ಅದಕ್ಕಿಂತ ಮೊದಲೇ, ಹರಳಯ್ಯನ ಮನೆಯಲ್ಲಿ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ.

ಎಲ್ಲರಿಗೂ ಗೊತ್ತಿರುವ ಕಥೆ. ಸಮಗಾರ ಹರಳಯ್ಯ, ಹೆಂಡತಿ ಕಲ್ಯಾಣಮ್ಮ. ತಾನು ಶರಣೆಂದದ್ದಕ್ಕೆ ಬಸವಣ್ಣ ಎರಡು ಸಲ ಶರಣೆಂದುಬಿಟ್ಟನೆಂದು, ಆ ಭಾರ ಇಳಿಸಿಕೊಳ್ಳಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು. ಅವರ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳು ಲಾವಣ್ಯಳಿಗೂ ಮದುವೆ. ಬಿಜ್ಜಳ ಇಬ್ಬರು ಬೀಗರಿಗೂ ಕಟ್ಟಿ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆ ವಿಧಿಸಿದ. ಅಲ್ಲಿಂದ ಕಲ್ಯಾಣ ಉರಿಯಿತು.

ಇವತ್ತು ಈ ಮದುವೆಯಿಲ್ಲದೆ ಕಲ್ಯಾಣದ ಕಥೆಯನ್ನು ಊಹಿಸಲಾರೆವು. ಆದರೆ ಸೋಮನಾಥನ ತೆಲುಗು ಪುರಾಣವನ್ನು ತೆರೆದು ನೋಡಿದರೆ ಅಲ್ಲಿ ಅಲ್ಲಯ್ಯ, ಮಧುವಯ್ಯ ಎಂಬ ಇಬ್ಬರು ಭಕ್ತರ ಕಣ್ಣನ್ನು ಬಿಜ್ಜಳ ಕೀಳಿಸಿದನೆಂದು ಬರುತ್ತದೆ, ಮದುವೆಯ ಮಾತಿಲ್ಲ. ಮದುವೆ ಬಂದದ್ದು ಮುಂದಿನ ಪುರಾಣಗಳಲ್ಲಿ. ಇದನ್ನು ಹಿಡಿದು, ಹಾಗಾದರೆ ಮದುವೆ ಕಟ್ಟುಕಥೆ ಎಂದು ಕೈಝಾಡಿಸುವವರಿದ್ದಾರೆ. ನನಗೆ ಅದು ಅವಸರದ ತೀರ್ಪೆನಿಸುತ್ತದೆ. ಜನರ ನೆನಪಿನಲ್ಲಿದ್ದದ್ದು ತಡವಾಗಿ ಓಲೆಗೆ ಇಳಿದಿರಬಹುದು. ಇಳಿಯದೆ, ಪೂರ್ತಿ ಕಲ್ಪನೆಯಿಂದಲೇ ಹುಟ್ಟಿದ್ದರೂ ಸರಿ, ಅದರಿಂದ ಒಂದು ಸಂಗತಿ ಗೊತ್ತಾಗುತ್ತದೆ. ಕೇಳುವ ಜನಕ್ಕೆ ಹಳೆಯ ಕೊನೆ ಸಾಲಲಿಲ್ಲ. ದೊರೆ ಯಾಕೆ ಕಣ್ಣು ಕೀಳಿಸಿದ ಎಂದು ಅವರು ಕೇಳಿದರು. ಕಾರಣವಿಲ್ಲದ ಕ್ರೌರ್ಯಕ್ಕೆ ಅವರು ಕಾರಣ ಹುಡುಕಿದರು. ಹುಡುಕಿದಾಗ ಸಿಕ್ಕಿದ್ದು ತಮ್ಮ ಕೇರಿಯಲ್ಲೇ ಇದ್ದ ಕಾರಣ, ತಮ್ಮ ಮನೆಯ ಮದುವೆಗೂ ಅಡ್ಡ ನಿಂತಿದ್ದ ಕಾರಣ. ಅರಮನೆಯಲ್ಲಿ ನಡೆಯುತ್ತಿದ್ದ ಕಥೆಯ ತುದಿಯನ್ನು ಸಮಗಾರರ ಓಣಿಗೆ ಎಳೆದು ತಂದವರು ಓದುಗರು, ಕೇಳುಗರು, ಹಾಡುವವರು. ಒಂದು ಮಹಾಕಥನದ ಕೊನೆಯನ್ನು ಅದನ್ನು ಕೇಳಿದವರೇ ಇಷ್ಟು ಆಳವಾಗಿ ತಿದ್ದಿದ ಇನ್ನೊಂದು ಉದಾಹರಣೆ ನನ್ನ ಓದಿನಲ್ಲಿಲ್ಲ.

ಬಸವಕಲ್ಯಾಣದ ಹರಳಯ್ಯ ಗವಿಯಲ್ಲಿ ನವರಾತ್ರಿಯ ದಿನಗಳಲ್ಲಿ ಶರಣ ವಿಜಯೋತ್ಸವ ನಡೆಯುತ್ತದೆ. ಎಳೆಹೂಟೆಯಲ್ಲಿ ಸತ್ತವರ ನೆನಪಿನ ಹಬ್ಬಕ್ಕೆ ಇಟ್ಟ ಹೆಸರು ಅದು. ಹೊರಗಿನಿಂದ ಬಂದವರಿಗೆ ಇದು ಒಗಟಾಗಿ ಕಾಣಬಹುದು. ಪುಸ್ತಕ ಓದಿ ಬಂದವನು ಇಲ್ಲಿ ಸೋಲನ್ನು ಹುಡುಕುತ್ತಾನೆ. ಚಳವಳಿ ಚದುರಿತು, ದೊರೆ ಸತ್ತ, ಊರು ಹಾಳಾಯಿತು ಎಂದು ಓದಿರುತ್ತಾನೆ. ಊರಿನವರು ಅದೇ ಅಧ್ಯಾಯವನ್ನು ಗೆಲುವೆಂದು ಓದಿದ್ದಾರೆ. ಹೆದರಿ ಮದುವೆಯನ್ನು ಹಿಂತೆಗೆದುಕೊಳ್ಳಲಿಲ್ಲ, ಲಿಂಗ ಬಿಡಲಿಲ್ಲ, ಮಾತು ತಪ್ಪಲಿಲ್ಲ, ಆದ್ದರಿಂದ ಗೆದ್ದರು. ಈ ಓದು ವಿದ್ವತ್ತಿನದಲ್ಲ ಎಂದು ಬದಿಗಿಡುವವರನ್ನು ನಾನು ಒಪ್ಪಲಾರೆ.

ಹುಮನಾಬಾದಿನ ಕಡೆ ಬಂದರೆ ಇನ್ನೊಂದು ಸ್ವಭಾವಭೇದ ಕಾಣುತ್ತದೆ. ಅಲ್ಲಿ ವೀರಭದ್ರೇಶ್ವರನ ಗುಡಿಯಿದೆ. ಉತ್ತರ ಕರ್ನಾಟಕದ ತುಂಬ ಖಡ್ಗ ಹಿಡಿದು ಒಡಪು ಹೇಳುವ ಪುರವಂತರ ಪರಂಪರೆಯಲ್ಲಿ ವೀರಭದ್ರನೆಂದರೆ ಶಿವನಿಗಾದ ಅವಮಾನವನ್ನು ಸಹಿಸದೆ ದಕ್ಷನ ತಲೆ ಕತ್ತರಿಸಿದವನು. ಆ ಕಥೆಯನ್ನು ಉಂಡು ಬೆಳೆದವರಿಗೆ ಜಗದೇವನ ಕತ್ತಿ ಪಾಪವೆನಿಸುವುದಿಲ್ಲ. ಶರಣನ ಕೊಲೆಗೆ ಉತ್ತರ ಬರಲೇಬೇಕು, ಬಂದಿತು. ಅದೇ ಊರಿಗೆ ಅಂಟಿಕೊಂಡಂತೆ ಮಾಣಿಕನಗರ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಅಲ್ಲಿ ಕೂತು ಯಾವ ಮತವನ್ನೂ ಹಳಿಯದ ಸಕಲಮತ ಸಂಪ್ರದಾಯವನ್ನು ಕಟ್ಟಿದರು. ಅವರ ಪದಗಳು ಮರಾಠಿಯಲ್ಲಿವೆ, ಕನ್ನಡದಲ್ಲಿವೆ, ಹಿಂದೂಸ್ತಾನಿಯಲ್ಲಿವೆ. ಆ ಗಾಳಿಯಲ್ಲಿ ಉಸಿರಾಡಿದವರಿಗೆ ಧರಣಿಪಂಡಿತನ ಬಿಜ್ಜಳನನ್ನೂ ಒಮ್ಮೆ ಕೂರಿಸಿ ಮಾತಾಡಿಸೋಣ ಎನ್ನಿಸಬಹುದು. ಒಂದೇ ಊರು, ಎರಡು ಬಗೆಯ ಕಿವಿ. ಜೈನ ಪಠ್ಯವನ್ನು ವೈರಿಯ ಮಾತೆಂದು ತಳ್ಳಿಹಾಕುವುದಕ್ಕೆ ಬದಲು ಓದಿ ನೋಡುವ ತಾಳ್ಮೆ ನಮಗೆ ಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಕಲ್ಯಾಣದ ಕೊನೆಯಲ್ಲಿ ನೊಂದವರು ಒಂದೇ ಕಡೆ ಇದ್ದರೆಂದು ನಂಬುವುದು ಕಷ್ಟ.

ನಿಜಾಮನ ಕಾಲದಲ್ಲಿ ಇಲ್ಲಿ ಆಡಳಿತವೂ ಶಾಲೆಯೂ ಉರ್ದುವಿನಲ್ಲಿ. ಕನ್ನಡ ಪುಸ್ತಕ ಕೈಗೆ ಸಿಗುವುದೇ ಅಪರೂಪ. ಬಸವಣ್ಣನ ಕಥೆ ಈ ನೆಲದಲ್ಲಿ ಉಳಿದದ್ದು ಪ್ರವಚನದಿಂದ, ಭಜನೆಯಿಂದ, ಮಠದ ಅಂಗಳದಿಂದ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೂರು ಪಾಲಾಗಿ, ಉದಗೀರ್, ನಿಲಂಗಾ ಮೊದಲಾದವು ಮರಾಠಿಯ ಕಡೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆ ಹೋಗಿ, ಹುಮನಾಬಾದ್ ಮತ್ತು ಕಲ್ಯಾಣ ಕನ್ನಡದ ಕಡೆ ಬಂದವು. ಅದಾಗಿ ಎಂಟು ವರ್ಷಕ್ಕೆ, ದೂರದ ಬೆಂಗಳೂರಿನಲ್ಲಿ ಕೂತು ಒಬ್ಬರು ಬರೆದ ಕಲ್ಯಾಣದ ಕಥೆಗೆ ದೆಹಲಿಯ ಪ್ರಶಸ್ತಿ. ಕಲ್ಯಾಣವನ್ನು ಬರೆದವರಿಗೂ ಕಲ್ಯಾಣದಲ್ಲಿ ಬದುಕುತ್ತಿದ್ದವರಿಗೂ ನಡುವೆ ಒಂದು ರಾಜ್ಯ ಆಗತಾನೆ ಕೂಡಿಕೊಂಡಿತ್ತು. ಪುಟ್ಟಸ್ವಾಮಯ್ಯನವರ ಸಂಪುಟಗಳ ಹೆಸರುಗಳಲ್ಲೇ ಅರಮನೆಯ ನೆರಳು ಉದ್ದವಾಗಿದೆ, ರಾಜ್ಯಪಾಲ, ಕಲ್ಯಾಣೇಶ್ವರ. ಚಾಲುಕ್ಯರಿಂದ ಕಲಚುರಿಗಳಿಗೆ ಸಿಂಹಾಸನ ಕೈ ಬದಲಾದ ರಾಜಕಾರಣವನ್ನೂ ಶರಣರ ಕೂಟವನ್ನೂ ಒಟ್ಟಿಗೆ ನೇಯ್ದದ್ದು ಅವರ ಸಾಧನೆ. ಅಲ್ಲಿಯವರೆಗೆ ಪುರಾಣ ಕೇಳಿದ್ದವರಿಗೆ ಬಿಜ್ಜಳನಿಗೂ ಒಂದು ಆಸ್ಥಾನ, ಒಂದು ಭಯ, ಒಂದು ಲೆಕ್ಕಾಚಾರ ಇತ್ತೆಂದು ತೋರಿಸಿಕೊಡುವುದು ಸಣ್ಣ ಕೆಲಸವಲ್ಲ.

ಅವರಾದ ಮೇಲೆ ನಾಟಕಕಾರರು ಬಂದರು. ಲಂಕೇಶರ 'ಸಂಕ್ರಾಂತಿ' 1971ರಲ್ಲಿ, ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' 1986ರಲ್ಲಿ, ಗಿರೀಶ ಕಾರ್ನಾಡರ 'ತಲೆದಂಡ' 1990ರಲ್ಲಿ. ಎಂ.ಎಂ. ಕಲಬುರ್ಗಿಯವರೂ 'ಕೆಟ್ಟಿತ್ತು ಕಲ್ಯಾಣ' ಎಂಬ ನಾಟಕ ಬರೆದರು. ಕಾರ್ನಾಡರ ಕೊನೆ ನನ್ನನ್ನು ಬಹಳ ಕಾಡಿದೆ. ಜಗದೇವ ಬಿಜ್ಜಳನನ್ನು ಕೊಲ್ಲುವುದು ಗುಡಿಯ ಒಳಗೆ. ಹೊರಗೆ ಸೋವಿದೇವನ ಪಟ್ಟಾಭಿಷೇಕ, ಶರಣರನ್ನು ಹೊರಗಟ್ಟುವ ಆಜ್ಞೆ. ಯಾರೂ ಗೆಲ್ಲದ ಕೊನೆ ಅದು. ಇದನ್ನು ನೋಡಿ ಬಂದ ಭಕ್ತರಿಗೆ ಬಸವಣ್ಣ ಇಷ್ಟು ನಿಸ್ಸಹಾಯಕನಾಗಿರಲಾರ ಅನ್ನಿಸುತ್ತದೆ. ಇನ್ನು ಕೆಲವರಿಗೆ ಮೊದಲ ಸಲ ಬಸವಣ್ಣ ತಮ್ಮಂತೆ ನಿದ್ದೆಗೆಟ್ಟ ಮನುಷ್ಯನಾಗಿ ಹತ್ತಿರ ಬಂದ ಅನ್ನಿಸುತ್ತದೆ. ಎರಡೂ ಪ್ರೀತಿಯಿಂದಲೇ ಹುಟ್ಟುವ ಮಾತು. ಈ ನಾಟಕಗಳಿಗಿಂತ ಮೊದಲೇ ಬಂದ 1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರರು ಬಿಜ್ಜಳ. ರಾಜಕುಮಾರರ ಮುಖ ಸಿಕ್ಕ ಬಿಜ್ಜಳನನ್ನು ಬರಿಯ ದುಷ್ಟನೆಂದು ನೋಡುವುದು ಯಾರಿಗೆ ಸಾಧ್ಯವಾದೀತು?

ಪ್ರೀತಿಯ ಈ ಜಗಳ ಕೆಲವು ಸಲ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 'ಮಹಾಚೈತ್ರ' ಪಠ್ಯವಾದಾಗ ದೊಡ್ಡ ಗದ್ದಲವೆದ್ದಿತು. ಪಿ.ವಿ. ನಾರಾಯಣರ ಕಾದಂಬರಿ 'ಧರ್ಮಕಾರಣ'ವನ್ನು ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪನವರು ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರು, 2007ರಲ್ಲಿ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆ ಕಾದಂಬರಿಯಿಂದ ನೊಂದವರ ನೋವು ಸುಳ್ಳಲ್ಲ. ಆದರೂ ಪುಸ್ತಕವೊಂದನ್ನು ಓದುಗರ ಕೈಯಿಂದ ಕಿತ್ತುಕೊಂಡ ಮೇಲೆ ಅದನ್ನು ಒಪ್ಪದಿರುವ ಹಕ್ಕನ್ನೂ ಓದುಗ ಕಳೆದುಕೊಳ್ಳುತ್ತಾನೆ. ಅನುಭವ ಮಂಟಪವೆಂದರೆ ಒಪ್ಪದವನಿಗೂ ಕೂರಲು ಜಾಗವಿದ್ದ ಕೂಟ ಎಂದು ಹೆಮ್ಮೆಪಡುವ ನಾಡಿನಲ್ಲಿ ಇದು ನನಗೆ ನೋವಿನ ಸಂಗತಿ.

ಉಳವಿಯ ದಾರಿ

ಬಿಜ್ಜಳ ಸತ್ತಲ್ಲಿ ಪರದೆ ಬೀಳಿಸುವ ಎಲ್ಲ ಕೃತಿಗಳ ಮೇಲೂ ನನಗೊಂದು ದೂರಿದೆ. ಜನ ಹೇಳುವ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬಸವಣ್ಣನ ಸೋದರಳಿಯ ಚೆನ್ನಬಸವಣ್ಣನ ಜೊತೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ ನಡೆದರು. ಬೆನ್ನಟ್ಟಿದ ಸೈನ್ಯದೊಡನೆ ದಾರಿಯಲ್ಲಿ ಹೋರಾಟವಾಯಿತು. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಬಿದ್ದ. ಉಳಿದವರು ಉತ್ತರ ಕನ್ನಡದ ಕಾಡು ಸೇರಿ ಉಳವಿ ಮುಟ್ಟಿದರು. ಇಂದಿಗೂ ಮಾಘ ಮಾಸದ ಉಳವಿ ಜಾತ್ರೆಗೆ ಬೆಳಗಾವಿ, ಧಾರವಾಡದ ಕಡೆಯಿಂದ ಜನ ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಈ ದಾರಿಯ ಪ್ರತಿಯೊಂದು ಊರಿನ ಕಥೆಗೂ ಶಾಸನದ ಆಧಾರ ಕೇಳಿದರೆ ಸಿಗುವುದಿಲ್ಲ. ಆದರೆ ಈ ಪಯಣದಲ್ಲಿ ಯಾರು ಮುಖ್ಯರೆಂದು ನೋಡಿ. ಡೋಹರ, ಮಡಿವಾಳ, ಬಸವಣ್ಣನ ಅಕ್ಕ ನಾಗಮ್ಮ. ದೊರೆ ಇಲ್ಲ, ಮಂತ್ರಿ ಇಲ್ಲ. ಹೊತ್ತದ್ದು ಓಲೆ.

ಆ ಓಲೆಗಳ ಮುಂದಿನ ಅಧ್ಯಾಯಗಳಿಗೆ ಮಾತ್ರ ಆಧಾರವಿದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಚನಗಳನ್ನು ಕೂಡಿಸುವ, ಟೀಕೆ ಬರೆಯುವ ದೊಡ್ಡ ಕೆಲಸ ನಡೆಯಿತು. ಶೂನ್ಯಸಂಪಾದನೆಗಳು ಹುಟ್ಟಿದವು. ಆಮೇಲೆ ಮಠಗಳ ಕತ್ತಲ ಕೋಣೆಗಳಲ್ಲಿ ಮಲಗಿದ್ದ ಕಟ್ಟುಗಳನ್ನು ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು, ತಮ್ಮ ಗಳಿಕೆಯನ್ನೆಲ್ಲ ಅಚ್ಚಿನ ಮನೆಗೆ ಸುರಿದರು. ಕಲ್ಯಾಣದ ಮಹಾಕಥನಕ್ಕೆ ಕೊನೆಯ ಸಂಪುಟ ಬರೆಯುವ ಮುಂದಿನ ಕಾದಂಬರಿಕಾರರು ಯಾರೇ ಆಗಲಿ, ಬಿಜ್ಜಳನ ಅಂತಃಪುರಕ್ಕೆ ಕೊಟ್ಟಷ್ಟೇ ಪುಟಗಳನ್ನು ಆ ಓಲೆ ಹೊತ್ತವರಿಗೂ ಕೊಡಬೇಕು ಎಂದು ಒಬ್ಬ ಓದುಗನಾಗಿ ನಾನು ಕೇಳುತ್ತೇನೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯ ಮೇಲೆ ಒಬ್ಬ ಹೆಣ್ಣು ಶಾಸನ ಬರೆಯುತ್ತ ನಿಂತ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಅವನು 1126ರಲ್ಲಿ ತೀರಿಕೊಂಡ, ಶರಣರ ಕಾಲ ಅದಕ್ಕೆ ಒಂದೇ ತಲೆಮಾರಿನ ಆಚೆ. ಬರೆಯುವ ಹೆಣ್ಣನ್ನು ಕಲ್ಲಿನಲ್ಲಿ ಕಲ್ಪಿಸಿಕೊಂಡ ನಾಡಿನಲ್ಲಿ ಮುಂದಿನ ತಲೆಮಾರಿಗೆ ಸತ್ಯಕ್ಕ, ಅಕ್ಕಮ್ಮ, ಆಯ್ದಕ್ಕಿ ಲಕ್ಕಮ್ಮ ತಮ್ಮ ಮಾತನ್ನು ತಾವೇ ನುಡಿದರು. ಕಲ್ಯಾಣದ ಕೊನೆಯನ್ನು ಅವರ ಕಡೆಯಿಂದ ಹೇಳುವ ದೊಡ್ಡ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ. ಲಾವಣ್ಯ ಆ ದಿನ ಏನು ನೋಡಿದಳು? ಕಲ್ಯಾಣಮ್ಮ ಎಲ್ಲಿಗೆ ಹೋದಳು? ಗಂಡ, ಮಗ, ಮನೆ ಎಲ್ಲವನ್ನೂ ಆ ಕೊನೆಗೆ ತೆತ್ತವಳನ್ನು ಕಥೆಗಾರರು ಪಾದರಕ್ಷೆಯ ಪ್ರಸಂಗ ಮುಗಿದೊಡನೆ ಮರೆತುಬಿಡುತ್ತಾರೆ.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಆಗ ಅದು 500 ಕೋಟಿ ರೂಪಾಯಿಯ ಯೋಜನೆ. 770 ಅಮರಗಣಂಗಳ ನೆನಪು ಅದರ ವಿನ್ಯಾಸದೊಳಗಿದೆ. ಅಲ್ಲಿ ಗ್ರಂಥಾಲಯವನ್ನು ಜೋಡಿಸುವವರಿಗೆ ನನ್ನದೊಂದು ಬೇಡಿಕೆ. ವಚನ ಸಂಪುಟಗಳ ಪಕ್ಕದಲ್ಲಿ ಸೋಮನಾಥನ ತೆಲುಗು ಪುರಾಣವನ್ನೂ ಭೀಮಕವಿಯ ಕನ್ನಡ ಪುರಾಣವನ್ನೂ ಇಡಿ. ಹರಿಹರನ 13 ಸ್ಥಲಗಳನ್ನು ಇಡಿ. ಧರಣಿಪಂಡಿತನನ್ನು ಅದೇ ಕಪಾಟಿನಲ್ಲಿ ಇಡಿ, ಬೇರೆ ಕೋಣೆಯಲ್ಲಲ್ಲ. ಪುಟ್ಟಸ್ವಾಮಯ್ಯನವರ ಆರೂ ಸಂಪುಟಗಳು ಇರಲಿ, ನಾಟಕಗಳೂ ಇರಲಿ. ಪ್ರತಿವರ್ಷ ಅನುಭವ ಮಂಟಪ ಉತ್ಸವಕ್ಕೆ ಬರುವ ಕಾಲೇಜಿನ ಹುಡುಗ ಹುಡುಗಿಯರಿಗೆ ಇವುಗಳ ಕೊನೆಯ ಅಧ್ಯಾಯಗಳನ್ನು ಮಾತ್ರ ಒಂದಾದ ಮೇಲೊಂದು ಓದಲು ಕೊಟ್ಟು, ಅರ್ಧ ದಿನ ವಾದ ಮಾಡಲು ಬಿಡಿ. ಹುಮನಾಬಾದಿನ ಕಡೆಯಿಂದ ಬಂದವರು ಜಗದೇವನ ಪರ ನಿಲ್ಲಬಹುದು, ಬಸವಕಲ್ಯಾಣದವರು ಹರಳಯ್ಯನ ಹಬ್ಬದ ಮಾತು ಎತ್ತಬಹುದು, ಭಾಲ್ಕಿಯ ಹುಡುಗಿಯೊಬ್ಬಳು ಎದ್ದು ಕಲ್ಯಾಣಮ್ಮನ ಕಥೆ ಎಲ್ಲಿದೆ ಎಂದು ಕೇಳಬಹುದು. ಅವಳಿಗೆ ಆ ಕಪಾಟಿನಲ್ಲಿ ಉತ್ತರ ಸಿಗದಿದ್ದರೆ, ಅದನ್ನು ಅವಳೇ ಬರೆಯಲಿ.